ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಮಾಡಿಸಿದರೆ ಎಲ್‌ಎಸ್‌ಡಿ ಹಾಕಿಸಿದಂತೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮಳೆಗಾಲ ಶುರುವಾಯಿತೆಂದರೆ ಕೆಸರಿನಲ್ಲಿ ಹೂತ ಜೀಪುಗಳ ವಿಡಿಯೊಗಳು ಮೊಬೈಲ್‌ಗೆ ಬರತೊಡಗುತ್ತವೆ. ಹಿಂದಿನ ಒಂದು ಚಕ್ರ ಗಿರಗಿರನೆ ತಿರುಗುತ್ತಿರುತ್ತದೆ, ಇನ್ನೊಂದು ಅಲ್ಲಾಡದೆ ನಿಂತಿರುತ್ತದೆ. ಇಂಥ ವಿಡಿಯೊಗಳ ಜೊತೆ ಕೆಲವೊಮ್ಮೆ ಒಂದು ಸಲಹೆಯೂ ಇರುತ್ತದೆ: ಡಿಫರೆನ್ಷಿಯಲ್ ಒಳಗಿನ ಗೇರುಗಳಿಗೆ ವೆಲ್ಡಿಂಗ್ ಮಾಡಿಸಿ, ಎರಡೂ ಚಕ್ರಕ್ಕೆ ಸಮನಾಗಿ ಪವರ್ ಬರುತ್ತದೆ, ದುಬಾರಿ ಎಲ್‌ಎಸ್‌ಡಿ ಯಾಕೆ ಬೇಕು?

ಇದರಲ್ಲಿ ಅರ್ಧ ಸತ್ಯವಿದೆ. ವೆಲ್ಡ್ ಮಾಡಿದ ಗಾಡಿ ಕೆಸರಿನಿಂದ ಮೇಲೆ ಬರುವುದು ನಿಜ. ಆದರೆ ಅದೇ ಗಾಡಿ ಮರುದಿನ ಡಾಂಬರು ರಸ್ತೆಯಲ್ಲಿ, ಘಾಟಿಯ ತಿರುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ವಿಡಿಯೊ ತೋರಿಸುವುದಿಲ್ಲ. ಆ ಉಳಿದರ್ಧವನ್ನು ನಾವಿಲ್ಲಿ ನೋಡೋಣ.

ಡಿಫರೆನ್ಷಿಯಲ್ ಇರುವುದೇಕೆ?

ಗಾಡಿ ತಿರುಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಹೋಗಬೇಕು. ಎಷ್ಟು ಹೆಚ್ಚು? ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರ ಸುಮಾರು 1.5 ಮೀಟರ್ ಎಂದುಕೊಳ್ಳಿ. 90 ಡಿಗ್ರಿ ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 2.4 ಮೀಟರ್ ಹೆಚ್ಚು ಉರುಳುತ್ತದೆ. ಯೂ-ಟರ್ನ್ ಆದರೆ ಸುಮಾರು 4.7 ಮೀಟರ್. ಸಾಮಾನ್ಯ ಕಾರಿನ ಚಕ್ರ ಒಂದು ಸುತ್ತಿಗೆ 2 ಮೀಟರ್ ಆಸುಪಾಸು ಸಾಗುತ್ತದೆ. ಅಂದರೆ ಒಂದೇ ಒಂದು ಯೂ-ಟರ್ನ್‌ನಲ್ಲಿ ಹೊರಚಕ್ರ ಎರಡಕ್ಕಿಂತ ಹೆಚ್ಚು ಸುತ್ತು ಜಾಸ್ತಿ ತಿರುಗಬೇಕು.

ಎರಡೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡಬೇಕು, ಜೊತೆಗೆ ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಈ ಕೆಲಸ ಮಾಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದಲ್ಲೇ ಹಬೆಯಿಂದ ಓಡುವ ಗಾಡಿಗೆ ಇದನ್ನು ರೂಪಿಸಿದ್ದರು. ಇಂದು ನಮ್ಮ ಕಾರು, ಲಾರಿ, ಟ್ರ್ಯಾಕ್ಟರ್, ಆಟೊರಿಕ್ಷಾ ಎಲ್ಲದರಲ್ಲೂ ಇದೇ ತತ್ವ ಕೆಲಸ ಮಾಡುತ್ತಿದೆ.

ಪವರ್ ಎಲ್ಲಾ ಜಾರುವ ಚಕ್ರಕ್ಕೇ ಹೋಗುತ್ತದೆಯೇ?

ಹಲವರು ಹೀಗೆ ನಂಬುತ್ತಾರೆ, ಆದರೆ ಇದು ಪೂರ್ತಿ ಸರಿಯಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಹೆಚ್ಚುಕಡಿಮೆ ಸಮಾನ ತಿರುಗುಬಲ, ಅಂದರೆ ಟಾರ್ಕ್, ಕೊಡುತ್ತದೆ. ತೊಂದರೆ ಇರುವುದೇ ಆ ಸಮಾನತೆಯಲ್ಲಿ.

ಒಂದು ಲೆಕ್ಕ ನೋಡಿ. ಕೆಸರಿನಲ್ಲಿರುವ ಎಡಚಕ್ರ 100 ಪಾಲು ಬಲಕ್ಕೇ ಜಾರಿಬಿಡುತ್ತದೆ ಎಂದುಕೊಳ್ಳೋಣ. ಆಗ ಗಟ್ಟಿ ನೆಲದ ಮೇಲಿರುವ ಬಲಚಕ್ರಕ್ಕೂ ಸಿಗುವುದು 100 ಪಾಲು ಮಾತ್ರ. ಒಟ್ಟು 200. ಗಾಡಿ ಮೇಲೆ ಬರಲು 400 ಪಾಲು ಬೇಕಿದ್ದರೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಅದು ಕದಲುವುದಿಲ್ಲ, ಎಡಚಕ್ರ ಇನ್ನಷ್ಟು ಜೋರಾಗಿ ತಿರುಗಿ ಗುಂಡಿ ತೋಡುತ್ತದೆ.

ವೆಲ್ಡ್ ಮಾಡಿದಾಗ ಆಗುವುದೇನು?

ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳನ್ನು ಬೆಸೆದುಬಿಟ್ಟರೆ ಎಡ ಮತ್ತು ಬಲ ಆಕ್ಸಲ್ ಎರಡೂ ಒಂದೇ ಸರಳಿನಂತಾಗುತ್ತವೆ. ಒಂದು ಚಕ್ರ ತಿರುಗಿದರೆ ಇನ್ನೊಂದೂ ಅಷ್ಟೇ ತಿರುಗಲೇಬೇಕು. ಎಡಚಕ್ರ 100ರಲ್ಲೇ ನಿಂತರೂ ಬಲಚಕ್ರ ನೆಲದ ಹಿಡಿತ ಇರುವಷ್ಟು ಬಲ ಹಾಕಬಲ್ಲದು. ಆದ್ದರಿಂದಲೇ ಗಾಡಿ ಮೇಲೆ ಬರುತ್ತದೆ.

ಈ ಲಾಭ ಟ್ರ್ಯಾಕ್ಟರ್ ಓಡಿಸುವವರಿಗೆ ಹೊಸದಲ್ಲ. ಗದ್ದೆಯಲ್ಲಿ ಒಂದು ಚಕ್ರ ಜಾರಿದಾಗ ಅವರು ಡಿಫ್ ಲಾಕ್ ಪೆಡಲ್ ಒತ್ತುತ್ತಾರೆ, ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಆದರೆ ತಿರುಗಿಸುವ ಮೊದಲು ಪೆಡಲ್ ಬಿಡಬೇಕು ಎಂಬುದು ಅವರಿಗೆ ಗೊತ್ತು. ವೆಲ್ಡಿಂಗ್ ಎಂದರೆ ಆ ಪೆಡಲನ್ನು ಒತ್ತಿ, ಎಂದೂ ಬಿಡಲಾಗದಂತೆ ಮಾಡಿದ ಹಾಗೆ.

ಎಲ್‌ಎಸ್‌ಡಿ ಬೇರೆ ಹೇಗೆ?

ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಚಕ್ರಗಳ ನಡುವಿನ ವೇಗದ ವ್ಯತ್ಯಾಸವನ್ನು ಅಳಿಸಿಹಾಕುವುದಿಲ್ಲ, ಅದಕ್ಕೊಂದು ಕಡಿವಾಣ ಹಾಕುತ್ತದೆ. ತಿರುವಿನಲ್ಲಿ ಚಕ್ರಗಳಿಗೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಒಂದು ಚಕ್ರ ಜಾರಿದರೆ ಹಿಡಿತವಿರುವ ಚಕ್ರದ ಕಡೆಗೆ ಹೆಚ್ಚು ಬಲ ಕಳಿಸುತ್ತದೆ. ಹಿಡಿತವಿರುವ ಚಕ್ರಕ್ಕೆ ಮೂರು ಪಟ್ಟು ಬಲ ಕೊಡಬಲ್ಲ ಎಲ್‌ಎಸ್‌ಡಿ ನಮ್ಮ ಲೆಕ್ಕದಲ್ಲಿ 100ರ ಜೊತೆ 300 ಸೇರಿಸುತ್ತದೆ. ಬೇಕಾದ 400 ಸಿಕ್ಕಿತು.

ಇದರಲ್ಲೂ ವಿಧಗಳಿವೆ. ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿಯಲ್ಲಿ ಪ್ಲೇಟುಗಳು ಸವೆಯುತ್ತವೆ, ಅದಕ್ಕೆ ಹೊಂದುವ ಆಯಿಲ್ಲೇ ಹಾಕಬೇಕು. ಟಾರ್ಸನ್‌ನಂಥ ಗೇರ್ ಮಾದರಿ ಹೆಚ್ಚು ಬಾಳಿಕೆ ಬರುತ್ತದೆ, ನಯವಾಗಿ ಕೆಲಸ ಮಾಡುತ್ತದೆ. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ತೇಲಿದರೆ ಇದು ಹೆಚ್ಚು ಸಹಾಯ ಮಾಡದು. ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ? ಎಲ್‌ಎಸ್‌ಡಿ ಇದ್ದರೆ ಗಾಡಿ ಎಲ್ಲೂ ಸಿಕ್ಕಿಬೀಳುವುದಿಲ್ಲ, ಜಾರುವುದೇ ಇಲ್ಲ ಎನ್ನುವುದೂ ತಪ್ಪು.

ರಸ್ತೆಯಲ್ಲಿ ವೆಲ್ಡಿಂಗ್ ಏಕೆ ಅಪಾಯ?

ಕೆಸರಿನಲ್ಲಿ ಟೈರು ಸುಲಭವಾಗಿ ಜಾರುತ್ತದೆ, ಹಾಗಾಗಿ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಿದರೂ ತೊಂದರೆ ಕಾಣುವುದಿಲ್ಲ. ಡಾಂಬರಿನ ಮೇಲೆ ಹಾಗಲ್ಲ. ಹೇರ್‌ಪಿನ್ ತಿರುವಿನಲ್ಲಿ ಆ ನಾಲ್ಕೂವರೆ ಮೀಟರ್ ವ್ಯತ್ಯಾಸವನ್ನು ಟೈರು ಉಜ್ಜಿಕೊಂಡೇ ತುಂಬಬೇಕು. ಪ್ರತಿ ತಿರುವಿನಲ್ಲೂ ಟೈರು ಸವೆಯುತ್ತದೆ, ಆಕ್ಸಲ್ ಶಾಫ್ಟ್ ತಿರುಚುವ ಒತ್ತಡಕ್ಕೆ ಸಿಲುಕುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಹಿಡಿತದ್ದು. ನಿಧಾನವಾಗಿ ತಿರುಗಿಸುವಾಗ ವೆಲ್ಡ್ ಮಾಡಿದ ಹಿಂಬದಿ ಆಕ್ಸಲ್ ಗಾಡಿಯನ್ನು ನೇರಕ್ಕೇ ತಳ್ಳುತ್ತದೆ, ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ತಿರುಗದು. ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ಹೆಚ್ಚು ಒತ್ತಿದರೆ ಎರಡೂ ಹಿಂಚಕ್ರ ಒಟ್ಟಿಗೆ ಹಿಡಿತ ಬಿಟ್ಟು ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಜಾರಿದರೂ ಇನ್ನೊಂದು ಗಾಡಿಯನ್ನು ಅಡ್ಡ ಹೋಗದಂತೆ ಹಿಡಿದಿರುತ್ತದೆ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯ ಮಳೆಯಲ್ಲಿ ಈ ವ್ಯತ್ಯಾಸ ಎದುರಿನಿಂದ ಬರುವವರ ಜೀವಕ್ಕೂ ಸಂಬಂಧಿಸಿದ್ದು.

ವೆಲ್ಡಿಂಗ್ ಕೂಡ ನಂಬುವಂಥದ್ದಲ್ಲ. ಗೇರುಗಳು ಗಡಸು ಮಾಡಿದ ಉಕ್ಕಿನವು. ಸರಿಯಾಗಿ ಕಾಯಿಸದೆ, ನಿಧಾನವಾಗಿ ಆರಿಸದೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡಬಹುದು. ಮುರಿದ ಚೂರು ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಸಿಕ್ಕಿದರೆ ಓಡುತ್ತಿರುವಾಗಲೇ ಚಕ್ರಗಳು ಜಾಮ್ ಆಗಬಹುದು.

ಇನ್ನೂ ಎರಡು ವಿಷಯಗಳಿವೆ. ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್‌ನಂಥ ವ್ಯವಸ್ಥೆಗಳು ಪ್ರತಿ ಚಕ್ರದ ವೇಗವನ್ನು ಬೇರೆಬೇರೆಯಾಗಿ ಅಳೆದು ಕೆಲಸ ಮಾಡುತ್ತವೆ. ಎರಡು ಚಕ್ರಗಳನ್ನು ಬೆಸೆದರೆ ಆ ಲೆಕ್ಕ ತಪ್ಪುತ್ತದೆ. ಮತ್ತು ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಅಲ್ಲಿ ವೆಲ್ಡ್ ಮಾಡಿದರೆ ಸ್ಟೇರಿಂಗೇ ವಿಪರೀತ ಗಟ್ಟಿಯಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಗಾಡಿ ಸಾರ್ವಜನಿಕ ರಸ್ತೆಗೆ ಬರುತ್ತದೆಯೇ?

ಬರುವುದೇ ಇಲ್ಲ, ಮತ್ತೊಂದು ವಾಹನದ ಮೇಲೆ ಹೇರಿಕೊಂಡು ಟ್ರ್ಯಾಕ್‌ಗೆ ಒಯ್ಯುವ ಡ್ರಿಫ್ಟ್ ಕಾರು ಅಥವಾ ಆಫ್‌ರೋಡ್ ಸ್ಪರ್ಧೆಯ ಜೀಪು ಎಂದಾದರೆ ವೆಲ್ಡಿಂಗ್‌ಗೆ ಅರ್ಥವಿದೆ. ಅದು ಅಗ್ಗ, ಅದರ ವರ್ತನೆ ಸದಾ ಒಂದೇ ರೀತಿ, ಡ್ರಿಫ್ಟ್ ಮಾಡುವವರಿಗೆ ಎರಡೂ ಚಕ್ರ ಜಾರುವುದೇ ಬೇಕು. ಗೋ-ಕಾರ್ಟ್‌ಗಳಿಗೆ ಡಿಫರೆನ್ಷಿಯಲ್ಲೇ ಇರುವುದಿಲ್ಲ.

ರಸ್ತೆಗೆ ಬರುವ ಗಾಡಿಗೆ ವೆಲ್ಡಿಂಗ್ ಬೇಡ. ರಸ್ತೆ ಮತ್ತು ಸ್ಪರ್ಧೆ ಎರಡಕ್ಕೂ ಬೇಕಿದ್ದರೆ ಎಲ್‌ಎಸ್‌ಡಿ ಒಳ್ಳೆಯದು. ತೋಟ, ಎಸ್ಟೇಟ್ ದಾರಿಗೆ ಬೇಕಿದ್ದರೆ ಬೇಕಾದಾಗ ಲಾಕ್ ಆಗಿ ಬಿಡುವ ಡಿಫರೆನ್ಷಿಯಲ್ ಇನ್ನೂ ಹೊಂದುತ್ತದೆ. ಫೋರ್ಸ್ ಗೂರ್ಖಾದಲ್ಲಿ ಚಾಲಕನೇ ಹಾಕಿ ತೆಗೆಯುವ ಲಾಕ್ ಇದೆ, ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ತಾನಾಗಿಯೇ ಲಾಕ್ ಆಗುವ ವ್ಯವಸ್ಥೆ ಇದೆ.

ವರ್ಷಕ್ಕೆ ನಾಲ್ಕು ಸಲ ಮಾತ್ರ ಕೆಸರಿಗಿಳಿಯುವವರಿಗೆ ಇದ್ಯಾವುದೂ ಬೇಡವಾಗಬಹುದು. ಒಳ್ಳೆಯ ಟೈರು ಮೊದಲ ಮದ್ದು. ಹಿಂದಿನ ಚಕ್ರ ಎಂಜಿನ್ನಿನಿಂದ ತಿರುಗುವ ಗಾಡಿಯಲ್ಲಿ ಹ್ಯಾಂಡ್‌ಬ್ರೇಕನ್ನು ಸ್ವಲ್ಪವೇ ಎಳೆದು ನಿಧಾನವಾಗಿ ಆಕ್ಸಿಲರೇಟರ್ ಕೊಟ್ಟರೆ ಜಾರುವ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೂ ಬಲ ಹೋಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಸೆಕೆಂಡ್‌ಹ್ಯಾಂಡ್ ಜೀಪು ಕೊಳ್ಳುವವರು ಗಮನಿಸಿ

ಹಿಂದಿನ ಮಾಲೀಕರು ವೆಲ್ಡ್ ಮಾಡಿಸಿದ್ದಾರೆಯೇ ಎಂದು ತಿಳಿಯುವುದು ಸುಲಭ. ಒಣ ಡಾಂಬರಿನ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಟೈರು ಕಿರುಗುಟ್ಟಿ ಗಾಡಿ ಎಳೆದೆಳೆದು ಹೋದರೆ ಅನುಮಾನಿಸಿ. ಖಚಿತಪಡಿಸಿಕೊಳ್ಳಲು ಮೆಕ್ಯಾನಿಕ್ ಬಳಿ ಹಿಂದಿನ ಎರಡೂ ಚಕ್ರ ಎತ್ತಿಸಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಮುಂಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಆಫ್ ಇಟ್ಟು ಗೇರಿನಲ್ಲಿ ಹಾಕಿಸಿ. ಒಂದು ಚಕ್ರವನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದು ವಿರುದ್ಧ ದಿಕ್ಕಿಗೆ ಸಲೀಸಾಗಿ ತಿರುಗಿದರೆ ಅದು ಸಾಮಾನ್ಯ ಡಿಫರೆನ್ಷಿಯಲ್. ತುಸು ಬಿಗಿಯಾಗಿ ತಿರುಗಿದರೆ ಎಲ್‌ಎಸ್‌ಡಿ ಇರಬಹುದು. ಕದಲದೇ ಹೋದರೆ ವೆಲ್ಡ್ ಆಗಿರುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ, ವೆಲ್ಡ್ ಮಾಡಿದ ಡಿಫರೆನ್ಷಿಯಲ್ ಅಗ್ಗದ ಎಲ್‌ಎಸ್‌ಡಿ ಅಲ್ಲವೇ ಅಲ್ಲ. ಎಲ್‌ಎಸ್‌ಡಿ ಡಿಫರೆನ್ಷಿಯಲ್‌ನ ಕೊರತೆಯನ್ನು ತುಂಬುತ್ತದೆ, ವೆಲ್ಡಿಂಗ್ ಡಿಫರೆನ್ಷಿಯಲ್ಲನ್ನೇ ಇಲ್ಲವಾಗಿಸುತ್ತದೆ. ಮುಂದಿನ ಸಲ ಅಂಥ ವಿಡಿಯೊ ಬಂದಾಗ ಕಳಿಸಿದವರನ್ನು ಒಂದೇ ಮಾತು ಕೇಳಿ: ಕೆಸರಿನಿಂದ ಮೇಲೆ ಬಂದ ಈ ಜೀಪು ಮನೆಗೆ ಯಾವ ರಸ್ತೆಯಲ್ಲಿ ಹೋಯಿತು?