ಕಿರು ಟೆಲಿವಿಷನ್ನುಗಳ ಜೀರ್ಣೋದ್ಧಾರ

ಕೈಯಲ್ಲಿ ಹಿಡಿದು ಒಯ್ಯಬಹುದಾದ ಹಳೆಯ ಟೆಲಿವಿಷನ್ನುಗಳನ್ನು ಅರಸಿ ಕೂಡಿಸುವ ಹವ್ಯಾಸಿಗಳು ಜಪಾನು, ಬ್ರಿಟನ್, ಅಮೆರಿಕಗಳಲ್ಲಿ ಅನೇಕರಿರುವರು. ಇವರಲ್ಲಿ ಕೆಲವರು ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದಾರೆ: ಕೆಟ್ಟ ಯಂತ್ರದ ಒಡಲಿನಿಂದ ಚಿತ್ರನಳಿಕೆಯನ್ನೂ ವಿದ್ಯುನ್ಮಂಡಲಗಳನ್ನೂ ಕಿತ್ತೆಸೆದು, ಅಲ್ಲಿ ಇಂದಿನ ತೆಳುವಾದ ದ್ರವಸ್ಫಟಿಕ ಪರದೆಯೊಂದನ್ನು ಕೂರಿಸುವುದು. ಹೊರಗೆ ೧೯೬೦ರ ಯಂತ್ರ. ಒಳಗೆ ಮೊನ್ನೆಯ ಸರಕು. ಇದನ್ನು ಜೀರ್ಣೋದ್ಧಾರವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಗರ್ಭಗುಡಿಯನ್ನು ಕೆಡವಿ ಗೋಪುರವನ್ನು ಮಾತ್ರ ಉಳಿಸಿಕೊಂಡಂತೆ ಅದು.

ಈ ಯಂತ್ರಗಳ ಹಿರಿಮೆ ಇರುವುದು ಅವುಗಳ ಒಳಗೆ. ನಿರ್ವಾತ ಕವಾಟಗಳ ಕಾಲದ ಟೆಲಿವಿಷನ್ನು ಒಂದು ಭಾರವಾದ ಪೀಠೋಪಕರಣವಾಗಿತ್ತು. ಟ್ರಾನ್ಸಿಸ್ಟರು ಬಂದ ಮೇಲೂ ಅದನ್ನು ಗೋಡೆಯ ವಿದ್ಯುತ್ತಿನಿಂದ ಬಿಡಿಸುವುದು ಸುಲಭವಾಗಲಿಲ್ಲ. ಸಾಧಾರಣ ರೇಡಿಯೋವಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿನ ಆವರ್ತಾಂಕದಲ್ಲಿ ಅದು ಕೆಲಸಮಾಡಬೇಕಾಗಿತ್ತು. ಎಲೆಕ್ಟ್ರಾನ್ ಕಿರಣವನ್ನು ಬಾಗಿಸುವ ಸುರುಳಿಗಳಿಗೆ ಪ್ರಬಲವಾದ ಪ್ರವಾಹವನ್ನೂ ಒದಗಿಸಬೇಕಾಗಿತ್ತು. ೧೯೫೯ರಲ್ಲಿ ಅಮೆರಿಕದ ಫಿಲ್ಕೊ ಸಂಸ್ಥೆ ತನ್ನ ‘ಸಫಾರಿ’ಯಲ್ಲಿ ಎರಡು ಅಂಗುಲದ ನಳಿಕೆಯ ಚಿತ್ರವನ್ನು ಹಿಗ್ಗಿಸಿ ತೋರಿಸಿತು. ಮರುವರ್ಷ ಜಪಾನಿನ ಸೋನಿ ಸಂಸ್ಥೆ ಹೊರತಂದ ‘ಟಿವಿ ೮-೩೦೧’ರಲ್ಲಿ ಎಂಟು ಅಂಗುಲದ ನಳಿಕೆಯನ್ನೇ ನೇರವಾಗಿ ನೋಡಬಹುದಾಗಿತ್ತು. ಟ್ರಾನ್ಸಿಸ್ಟರುಗಳು ೨೩, ತೂಕ ಸುಮಾರು ಆರು ಕಿಲೋಗ್ರಾಮು; ಪದೇ ಪದೇ ಕೆಡುವುದೆಂಬ ಅಪಖ್ಯಾತಿ ಬೇರೆ. ೧೯೬೨ರಲ್ಲಿ ಐದು ಅಂಗುಲದ್ದು ಬಂದಿತು. ೧೯೭೭ರಲ್ಲಿ ಬ್ರಿಟನ್ನಿನ ಕ್ಲೈವ್ ಸಿಂಕ್ಲೇರರು ಎರಡು ಅಂಗುಲದ ‘ಮೈಕ್ರೋವಿಷನ್’ ಅನ್ನು ಮಾರುಕಟ್ಟೆಗೆ ತಂದರು.

ಅದೇ ಸಿಂಕ್ಲೇರರು ೧೯೮೩ರಲ್ಲಿ ಹೊರತಂದ ಜೇಬು ಟೆಲಿವಿಷನ್ನನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅದರ ನಳಿಕೆ ಚಪ್ಪಟೆ. ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ಬಂದೂಕು ಪರದೆಯ ಹಿಂದಿಲ್ಲ, ಪಕ್ಕದಲ್ಲಿದೆ. ಪಕ್ಕದಿಂದ ಹೊರಟ ಕಿರಣವು ವಿದ್ಯುತ್ ಕ್ಷೇತ್ರದ ತಳ್ಳುವಿಕೆಯಿಂದ ಬಾಗಿ ಪರದೆಗೆ ಬಡಿಯುವುದು. ನಾವು ನೋಡುವುದೂ ಕಿರಣ ಬಡಿದ ಮಗ್ಗುಲನ್ನೇ. ಬೆಳಕು ಪ್ರತಿದೀಪಕದ ಪದರವನ್ನು ಹಾದು ಬರಬೇಕಾಗಿಲ್ಲವಾದುದರಿಂದ ಅಲ್ಪ ವಿದ್ಯುತ್ತಿನಲ್ಲಿಯೇ ಹೆಚ್ಚು ಪ್ರಕಾಶ ದೊರೆಯುವುದು. ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಅದುಮಿದಂತೆ ಬರೆದು, ಮುಂದಿಟ್ಟ ಫ್ರೆನೆಲ್ ಮಸೂರದಿಂದ ಅದನ್ನು ಮತ್ತೆ ಸರಿಯಾದ ಪ್ರಮಾಣಕ್ಕೆ ತರುತ್ತಿದ್ದರು. ಎಂತಹ ಜಾಣ್ಮೆ! ಅಂತಹ ನಳಿಕೆಯನ್ನು ಕಿತ್ತ ಮೇಲೆ ಉಳಿಯುವುದು ಪ್ಲಾಸ್ಟಿಕ್ಕಿನ ಒಂದು ಡಬ್ಬಿ. ಆ ಡಬ್ಬಿಗಾಗಿ ಹಣ ಕೊಡುವವರೂ ಇದ್ದಾರೆ, ಇರಲಿ.

ಕಿತ್ತೆಸೆಯುವವರು ಹೇಳುವ ಕಾರಣ, ರಿಪೇರಿ ಅಸಾಧ್ಯವೆಂಬುದು. ಈ ಮಾತು ಬಹುಮಟ್ಟಿಗೆ ನಿರಾಧಾರ. ಅನೇಕ ವೇಳೆ ಅಪರಾಧಿ ಚಿತ್ರನಳಿಕೆಯಾಗಿರುವುದಿಲ್ಲ. ಎಲೆಕ್ಟ್ರೊಲಿಟಿಕ್ ಧಾರಕ, ಎಂದರೆ ಅಂಗಡಿಯವರು ಕಂಡೆನ್ಸರ್ ಎನ್ನುವ ವಸ್ತು, ಆಗಿರುತ್ತದೆ. ಅದರೊಳಗೆ ಅಲ್ಯೂಮಿನಿಯಮ್ ಹಾಳೆ, ಹಾಳೆಯ ಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆ, ಪೊರೆಗೆ ತಾಗಿ ದ್ರವದಲ್ಲಿ ನೆನೆದ ಕಾಗದ. ಪೊರೆ ಅಷ್ಟು ತೆಳುವಾಗಿರುವುದರಿಂದಲೇ ಬೆರಳ ತುದಿಯಷ್ಟು ಡಬ್ಬಿ ಅಷ್ಟು ವಿದ್ಯುದಾವೇಶವನ್ನು ಹಿಡಿಯಬಲ್ಲದು. ದಶಕಗಳು ಕಳೆದಂತೆ ದ್ರವ ಆರಿಹೋಗುವುದು, ಇಲ್ಲವೆ ಹೊರಗೆ ಸೋರಿ ಹಲಗೆಯ ಮೇಲಿನ ತಾಮ್ರದ ಹಾದಿಗಳನ್ನು ತಿನ್ನುವುದು. ಬಳಸದೆ ಇಟ್ಟರೆ ಪೊರೆಯೂ ಕ್ಷೀಣಿಸುವುದು. ಆದುದರಿಂದಲೇ ಬಹುಕಾಲ ಮೂಲೆಯಲ್ಲಿದ್ದ ಯಂತ್ರಕ್ಕೆ ಒಮ್ಮೆಲೇ ಪೂರ್ಣ ವಿದ್ಯುತ್ತನ್ನು ಹರಿಸುವುದು ಅವಿವೇಕ. ಚಿತ್ರವು ಕುಗ್ಗಿ ಪರದೆಯ ನಡುವೆ ಅಡ್ಡಪಟ್ಟಿಯಾಗಿ ನಿಂತರೆ ಲಂಬ ವಿಚಲನೆಯ ಭಾಗದ ಧಾರಕವನ್ನು ಮೊದಲು ಶಂಕಿಸಬೇಕು. ಹೊಸ ಧಾರಕದ ಬೆಲೆ ಕೆಲವೇ ರೂಪಾಯಿ.

ನಳಿಕೆ ಜೀವಂತವಾಗಿದೆಯೆ ಎಂಬುದನ್ನು ಅನೇಕ ವೇಳೆ ಕಣ್ಣೇ ಹೇಳುವುದು. ಅದರ ಕತ್ತಿನೊಳಗೆ ಬೆಳ್ಳಿಯಂತೆ ಹೊಳೆಯುವ ಬೇರಿಯಮ್ಮಿನ ಲೇಪವಿದ್ದರೆ ಅದನ್ನು ನೋಡಿ. ಉಳಿದ ಅನಿಲವನ್ನು ಹೀರಲೆಂದು ಕಾರ್ಖಾನೆಯಲ್ಲಿ ಇಟ್ಟ ಕಾವಲುಗಾರ ಅದು. ಗಾಳಿ ಒಳಹೊಕ್ಕಿದ್ದರೆ ಆ ಹೊಳಪು ಮಾಯವಾಗಿ ಹಾಲಿನಂತೆ ಬಿಳುಪಾಗಿರುವುದು. ಆಗ ಮಾಡಬಹುದಾದುದು ಏನೂ ಇಲ್ಲ.

ಇನ್ನು, ಒಂದು ತಂತಿಯನ್ನೂ ಮುಟ್ಟಬಾರದೆನ್ನುವ ಮಡಿವಂತರ ಪಂಗಡವೊಂದಿದೆ. ಅವರ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಉರಿದಷ್ಟೂ ನಳಿಕೆಯ ಕ್ಯಾಥೋಡು ಸವೆಯುವುದು, ಮತ್ತು ಇಂತಹ ಕಿರುನಳಿಕೆಗಳನ್ನು ಮಾಡುತ್ತಿದ್ದ ಕಾರ್ಖಾನೆಗಳು ಆ ಕೆಲಸವನ್ನು ಎಂದೋ ನಿಲ್ಲಿಸಿವೆ. ಅತಿವಿರಳವಾದ ಮಾದರಿಗಳು ವಸ್ತುಸಂಗ್ರಹಾಲಯದಲ್ಲಿ ಮೌನವಾಗಿಯೇ ಇರಲಿ. ಆದರೆ ಸಾವಿರಾರು ಸಂಖ್ಯೆಯಲ್ಲಿ ತಯಾರಾದವನ್ನೂ ಶವದಂತೆ ಕಪಾಟಿನಲ್ಲಿಡಬೇಕೆ? ಧಾರಕಗಳನ್ನು ಬದಲಿಸಿ, ತೆಗೆದವನ್ನು ಪೊಟ್ಟಣ ಕಟ್ಟಿ ತಾರೀಖು ಬರೆದು ಪೆಟ್ಟಿಗೆಯೊಳಗೇ ಇಟ್ಟರೆ ಮುಂದಿನವರಿಗೆ ಯಾವ ಮೋಸವೂ ಆಗದು.

ರಿಪೇರಿಯಾದ ಯಂತ್ರದಲ್ಲಿ ನೋಡುವುದೇನನ್ನು? ಅಮೆರಿಕದ ಪ್ರಮುಖ ಕೇಂದ್ರಗಳು ಹಳೆಯ ರೀತಿಯ ಪ್ರಸಾರವನ್ನು ೨೦೦೯ರಲ್ಲಿಯೂ ಬ್ರಿಟನ್ ೨೦೧೨ರಲ್ಲಿಯೂ ನಿಲ್ಲಿಸಿದವು; ನಮ್ಮ ದೂರದರ್ಶನವೂ ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು ೨೦೨೨ರ ವೇಳೆಗೆ ಅಂತಹ ಪ್ರೇಷಕಗಳನ್ನು ಮುಚ್ಚಿತು. ಆದರೆ ಮಾಡ್ಯುಲೇಟರ್ ಎಂಬ ಚಿಕ್ಕ ಉಪಕರಣವಿದ್ದರೆ ಮೇಜಿನ ಮೇಲೆಯೇ ಸಂಕೇತವನ್ನು ತಯಾರಿಸಿ, ತಂತಿಯ ಮೂಲಕ ಯಂತ್ರಕ್ಕೆ ಉಣಿಸಬಹುದು. ಅಮೆರಿಕ, ಜಪಾನುಗಳ ಪದ್ಧತಿಯಲ್ಲಿ ಚಿತ್ರಕ್ಕೆ ೫೨೫ ಗೆರೆ, ನಮ್ಮಲ್ಲಿ ೬೨೫ ಎಂಬುದನ್ನು ಮಾತ್ರ ಮರೆಯಬಾರದು.

ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಇಂತಹ ಒಂದೊಂದು ಕಪ್ಪುಬಿಳುಪು ಯಂತ್ರವನ್ನಾದರೂ ಗುಜರಿಯಿಂದ ಉಳಿಸಿಕೊಳ್ಳಬೇಕೆಂದು ನನ್ನ ಆಗ್ರಹ. ನಳಿಕೆಯಲ್ಲಿ ಐದು ಸಾವಿರ ವೋಲ್ಟಿದ್ದರೆ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು ೪೨,೦೦೦ ಕಿಲೋಮೀಟರು, ಬೆಳಕಿನ ವೇಗದ ಸುಮಾರು ಏಳನೆಯ ಒಂದು ಪಾಲು. ಪರದೆಯ ಬಳಿಗೆ ಅಯಸ್ಕಾಂತವನ್ನು ತಂದರೆ ಆ ಕಣಗಳ ದಾರಿ ಬಾಗಿ, ಚಿತ್ರ ಕಣ್ಣೆದುರಿಗೇ ತಿರುಚಿಕೊಳ್ಳುವುದು. ವರ್ಣ ಟೆಲಿವಿಷನ್ನಿನಲ್ಲಿ ಈ ಆಟ ಬೇಡ. ಪರದೆಯ ಹಿಂದಿನ ಉಕ್ಕಿನ ಜಾಲರಿ ಕಾಂತತ್ವ ಪಡೆದು ಬಣ್ಣಗಳು ಕೆಡುವುವು. ಮುಚ್ಚಳ ತೆಗೆಯುವ ಕೆಲಸವನ್ನು ಬಲ್ಲವರ ಸಮಕ್ಷಮದಲ್ಲಿಯೇ ಮಾಡತಕ್ಕದ್ದು. ವಿದ್ಯುತ್ತನ್ನು ಕಡಿದ ಮೇಲೂ ನಳಿಕೆಯು ತಾನೇ ಒಂದು ಧಾರಕವಾಗಿ ಸಾವಿರಾರು ವೋಲ್ಟುಗಳನ್ನು ಹಿಡಿದುಕೊಂಡಿರಬಲ್ಲದು.

ಗುಂಡಿಯನ್ನೊತ್ತಿದಾಗ ಮೊದಲು ಕಿವಿಗೊಡಿ. ಸೆಕೆಂಡಿಗೆ ೨೫ ಚಿತ್ರ, ಚಿತ್ರಕ್ಕೆ ೬೨೫ ಗೆರೆಯಾದುದರಿಂದ ಒಳಗಿನ ಟ್ರಾನ್ಸ್‌ಫಾರ್ಮರು ೧೫,೬೨೫ ಆವರ್ತಾಂಕದಲ್ಲಿ ಸಣ್ಣಗೆ ಕೀರಲಿಡುವುದು. ಅದು ಕೇಳಿಸಿತೆಂದರೆ ಗೆರೆ ಎಳೆಯುವ ಮಂಡಲ ಬದುಕಿದೆಯೆಂದು ತಿಳಿಯಬೇಕು. ವಯಸ್ಸಾದ ಪ್ರಾಧ್ಯಾಪಕರ ಕಿವಿಗೆ ಆ ದನಿ ಎಟುಕುವುದಿಲ್ಲ. ವಿದ್ಯಾರ್ಥಿಗಳೇ ಕೇಳಿ ಅವರಿಗೆ ಹೇಳಬೇಕು.