ತಕ್ಕಡಿಯ ಮುಂದೆ ತಂದೆಯೂ ನಿಲ್ಲಲಿ

ಕಳೆದ ತಿಂಗಳು ಒಂದು ಸಂಜೆ ಯುವ ದಂಪತಿ ಹತ್ತು ವಾರದ ಹೆಣ್ಣುಮಗುವನ್ನು ಎತ್ತಿಕೊಂಡು ನನ್ನ ದವಾಖಾನೆಗೆ ಬಂದರು. ಚೊಚ್ಚಲ ಮಗು. “ಹಕೀಂ ಸಾಹೇಬರೇ, ಆರನೇ ವಾರದ ಇಂಜೆಕ್ಷನ್ ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂತು. ಚೆನ್ನಾಗಿದ್ದ ಮಗುವನ್ನು ನಾವೇ ಕಾಯಿಲೆಗೆ ತಳ್ಳಿದ ಹಾಗಾಯಿತು. ಇನ್ನು ಚುಚ್ಚುಮದ್ದು ಬೇಡ, ನಿಮ್ಮ ಘುಟ್ಟಿ ಕೊಡಿ” ಎಂದರು ತಂದೆ.

ತಾಯಿ ಕಾರ್ಡ್ ಕೇಳಿದೆ. ಅದು ಎಲ್ಲಿದೆ ಎಂಬುದು ತಂದೆಗೆ ಗೊತ್ತಿರಲಿಲ್ಲ. ತಾಯಿ ಚೀಲದಿಂದ ತೆಗೆದುಕೊಟ್ಟರು. ಹುಟ್ಟಿದಾಗ ಮಗುವಿನ ತೂಕ 2.8 ಕಿಲೋ, ಆರನೇ ವಾರಕ್ಕೆ 3.9. ಬಟ್ಟೆ ತೆಗೆದು ಎರಡು ಬಾರಿ ತೂಗಿದೆ: 4 ಕಿಲೋ. ಮೊದಲ ಮೂರು ತಿಂಗಳು ಮಗು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಬೆಳೆಯಬೇಕು. ಈ ಮಗು ನಾಲ್ಕು ವಾರಗಳಲ್ಲಿ ಬೆಳೆದದ್ದು ಬರೀ ನೂರು ಗ್ರಾಂ. ಜ್ವರ ಎರಡೇ ದಿನದಲ್ಲಿ ಇಳಿದಿತ್ತು. ಎಲ್ಲರೂ ಅದರ ಬಗ್ಗೆಯೇ ಮಾತನಾಡುತ್ತಿದ್ದರು, ನಿಂತುಹೋದ ತೂಕವನ್ನು ಯಾರೂ ನೋಡಿರಲಿಲ್ಲ.

ಏನು ಕುಡಿಸುತ್ತೀರಿ ಎಂದು ವಿಚಾರಿಸಿದೆ. ಸೆಕೆಯೆಂದು ನೀರು, ಅತ್ತರೆ ಸಕ್ಕರೆ ನೀರು, ಅಜ್ಜಿಯ ಪ್ರೀತಿಗೆ ಬೆರಳಲ್ಲಿ ಜೇನು. ಇವುಗಳಿಂದಲೇ ಪುಟ್ಟ ಹೊಟ್ಟೆ ತುಂಬಿದರೆ ಮಗು ಎದೆಹಾಲು ಕೇಳುವುದಿಲ್ಲ, ಮಗು ಕುಡಿಯದಿದ್ದರೆ ಹಾಲೂ ಕಡಿಮೆಯಾಗುತ್ತದೆ. “ನೀನು ಹೇಗಿದ್ದೀಯಮ್ಮಾ?” ಎಂದು ತಾಯಿಯನ್ನು ಕೇಳಿದೆ. ಆಕೆಯ ಕಣ್ಣು ತುಂಬಿತು. “ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ” ಎಂದರು.

ಘುಟ್ಟಿ ಕೊಡಲಿಲ್ಲ. ಹಿಂದೆ ಕೇಳಿದವರಿಗೆಲ್ಲ ಬರೆದುಕೊಡುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲೇ ಸಾಕು, ವೈದ್ಯರು ಸೂಚಿಸಿದ ಔಷಧಿ ಮತ್ತು ಹನಿಗಳ ಹೊರತು ಬೇರೇನೂ ಬೇಡ. ಜೇನಿನಲ್ಲಿ ಶಿಫಾ ಇದೆ ಎಂದು ನಂಬುವವರಲ್ಲಿ ನಾನೂ ಒಬ್ಬ. ಆದರೆ ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಬೀಜಗಳನ್ನು ಒಂದು ವರ್ಷದೊಳಗಿನ ಮಗುವಿನ ಕರುಳು ತಡೆಯಲಾರದು, ಅದರಿಂದ ಪ್ರಾಣಾಪಾಯವೂ ಆಗಬಹುದು. ತಹ್ನೀಕ್ ಮಾಡುವವರು ಕೈ ಚೆನ್ನಾಗಿ ತೊಳೆದು, ಖರ್ಜೂರದ ರಸವನ್ನು ತುಸುವೇ ಸವರಲಿ.

ಇನ್ನು ಜ್ವರದ ಮಾತು. ಆರು, ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಸೋಂಕುಗಳಿಂದ ಕಾಪಾಡುತ್ತದೆ. ಅದಾದ ಮೇಲೆ ಒಂದೆರಡು ದಿನ ಸಣ್ಣ ಜ್ವರ, ತೊಡೆಯಲ್ಲಿ ಊತ ಸಾಮಾನ್ಯ. ದೇಹ ರಕ್ಷಣೆಯ ಪಾಠ ಕಲಿಯುತ್ತಿದೆ ಎಂದು ತಿಳಿಯಿರಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿ. ನರ್ಸ್ ಹೇಳಿದ ಅಳತೆಯಲ್ಲೇ ಪ್ಯಾರಾಸಿಟಮಾಲ್ ಕೊಡಿ. ಮಗು ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಮೂರು ಗಂಟೆಗೂ ಹೆಚ್ಚು ಹೊತ್ತು ಬಿಡದೆ ಅತ್ತರೆ ಕೂಡಲೇ ಆಸ್ಪತ್ರೆಗೆ ಹೋಗಿ. ಒಂದು ಡೋಸ್ ತಡವಾದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಉಳಿದದ್ದನ್ನು ಮುಂದುವರಿಸಿದರೆ ಸಾಕು.

ಯೂನಾನಿಯ ಹೆಸರು ಹೇಳಿ ಲಸಿಕೆ ಬೇಡವೆನ್ನುವವರನ್ನು ಕಂಡರೆ ನನಗೆ ನೋವಾಗುತ್ತದೆ. ಸಿಡುಬು ಮತ್ತು ದಡಾರಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಸಾವಿರ ವರ್ಷಗಳ ಹಿಂದೆಯೇ ಗ್ರಂಥ ಬರೆದವರು ನಮ್ಮ ಅಲ್ ರಾಝಿ. ಅವರು ಪರೀಕ್ಷಿಸಿ ಬರೆದಿಟ್ಟ ಆ ದಡಾರವನ್ನೇ ಇಂದು ಒಂಬತ್ತು ತಿಂಗಳಿಗೆ ಕೊಡುವ ಎಂ.ಆರ್. ಲಸಿಕೆ ತಡೆಯುತ್ತದೆ. ಅವರು ಇಂದು ಇದ್ದಿದ್ದರೆ ಲಸಿಕೆ ಕೇಂದ್ರದ ಬಾಗಿಲಲ್ಲಿ ನಿಂತು ನಮ್ಮನ್ನು ಕರೆಯುತ್ತಿದ್ದರು ಎಂದೇ ನನ್ನ ನಂಬಿಕೆ. ಪೋಲಿಯೊ ಹನಿಯ ಬಗ್ಗೆಯೂ ಹಿಂದೆ ನಮ್ಮಲ್ಲಿ ಕೆಲವರಿಗೆ ಸಂಶಯವಿತ್ತು. ಉಲಮಾಗಳೂ ಮನೆಮನೆಗೆ ಹೋಗಿ ತಿಳಿಹೇಳಿದರು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು.

ನನ್ನ ಮುಖ್ಯ ಅಹವಾಲು ತಂದೆಯರಲ್ಲಿ. ತಪಾಸಣೆಯ ದಿನ ನಮ್ಮಲ್ಲಿ ಅನೇಕರು ಹೆಂಡತಿ ಮತ್ತು ಅತ್ತೆಯನ್ನು ಗೇಟಿನ ಬಳಿ ಇಳಿಸಿ ಬೈಕ್ ತಿರುಗಿಸುತ್ತಾರೆ. ಎರಡು ವರ್ಷ ಹಾಲೂಡಿಸುವ ಬಗ್ಗೆ ಹೇಳುವ ಅಲ್ ಬಕರ ಅಧ್ಯಾಯದ 233ನೇ ಸೂಕ್ತವು ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಗೆ ವಹಿಸುತ್ತದೆ, ಹಾಲು ಬಿಡಿಸುವುದನ್ನೂ ಇಬ್ಬರೂ ಸಮಾಲೋಚಿಸಿ ನಿರ್ಧರಿಸಲು ಹೇಳುತ್ತದೆ. ಮಗು ಇಬ್ಬರಿಗೂ ಸಿಕ್ಕ ಅಮಾನತ್. ಒಳಗೆ ಬನ್ನಿ, ತಕ್ಕಡಿ ತೋರಿಸುವ ಅಂಕಿಯನ್ನು ನೀವೇ ಓದಿ. ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ಮೇಲೇರುತ್ತಿದೆಯೇ ಎಂದು ಕೇಳಿ. ಹೆರಿಗೆಯ ನಂತರ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಹಲವು ಬಾರಿ ಮನೆಗೆ ಬರುತ್ತಾರೆ. ಅವರನ್ನು ಹೊಸ್ತಿಲಿನಿಂದಲೇ ಕಳುಹಿಸದೆ ಒಳಗೆ ಕರೆಯಿರಿ.

ಆ ದಂಪತಿಯನ್ನು ಅದೇ ವಾರ ಸರಕಾರಿ ಆಸ್ಪತ್ರೆಗೆ ಕಳುಹಿಸಿದೆ. ಮಕ್ಕಳ ವೈದ್ಯರು ಪರೀಕ್ಷಿಸಿದರು, ಬಾಕಿ ಲಸಿಕೆಯೂ ಆಯಿತು. ಹದಿನೈದು ದಿನಗಳ ನಂತರ ತಂದೆ ಒಬ್ಬರೇ ಬಂದರು. ಜೇಬಿನಿಂದ ತಾಯಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. 4.4 ಕಿಲೋ. ಗೆರೆ ಮೇಲೇರಿತ್ತು. ಅಲ್‌ಹಮ್ದುಲಿಲ್ಲಾಹ್.