ಗೋಸುಂಬೆ: ಪಂಜರದ ಪ್ರಾಣಿಯಲ್ಲ, ಬೇಲಿಯ ಅತಿಥಿ

ಮನುಷ್ಯನು ತನ್ನ ಚಂಚಲಬುದ್ಧಿಗೆ ಉಪಮಾನವನ್ನು ಅರಸುತ್ತ ಗೋಸುಂಬೆಯ ಹೆಸರನ್ನು ಎಳೆದು ತಂದನು. ಗಳಿಗೆಗೊಂದು ಮಾತಾಡುವವನನ್ನು ಊಸರವಳ್ಳಿಯೆಂದು ಜರೆಯುವುದು ರೂಢಿಯಾಯಿತು. ಆದರೆ ಆ ಬಡಜೀವಿಯ ಬಣ್ಣದಲ್ಲಿ ವಂಚನೆಯಿಲ್ಲ. ಬಿಸಿಲು, ಚಳಿ, ಭೀತಿ, ಕೋಪ, ಸಂಗಾತಿಯ ಸಾಮೀಪ್ಯ ಇವೇ ಅದರ ವರ್ಣಭೇದಕ್ಕೆ ಮುಖ್ಯ ಕಾರಣಗಳು. ಚರ್ಮದ ಕೋಶಗಳಲ್ಲಿರುವ ಅತಿಸೂಕ್ಷ್ಮ ಹರಳುಗಳ ಅಂತರ ಬದಲಾದಂತೆ ಬಣ್ಣವೂ ಬದಲಾಗುವುದೆಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರದ ಒಂದು ಜಾತಿಯನ್ನು ಪರೀಕ್ಷಿಸಿ 2015ರಲ್ಲಿ ತೋರಿಸಿಕೊಟ್ಟರು. ಅದು ಮುಖವಾಡವಲ್ಲ, ಮನೋಗತದ ಪ್ರಕಟಣೆ.

ಭಾರತದಲ್ಲಿ ಗೋಸುಂಬೆಯ ಜಾತಿ ಒಂದೇ. ಒಣಸೀಮೆಯ ಕುರುಚಲು ಗಿಡಗಳೂ ಹೊಲದ ಬೇಲಿಗಳೂ ಅದಕ್ಕೆ ಒಗ್ಗಿದ ನೆಲೆ. ಮುದ್ದೇಬಿಹಾಳದಂಥ ಬಯಲುನಾಡಿನಲ್ಲಿ ಜಾಲಿ, ಬೇವು, ತೊಗರಿಹೊಲಗಳ ನಡುವೆ ಬೆಳೆಯುವ ಬಾಲಕನ ಕಣ್ಣಿಗೆ ಅದು ಬಿದ್ದರೆ ಎರಡರಲ್ಲೊಂದು ನಡೆಯುತ್ತದೆ. ವಿಷಜಂತುವೆಂದು ಕಲ್ಲೆಸೆಯುತ್ತಾನೆ, ಇಲ್ಲವೆ ಸೋಜಿಗದ ಪ್ರಾಣಿಯೆಂದು ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಾನೆ. ಮೊದಲನೆಯದು ಅಜ್ಞಾನ, ಏಕೆಂದರೆ ಗೋಸುಂಬೆಗೆ ವಿಷವೇ ಇಲ್ಲ. ಎರಡನೆಯದು ಪ್ರೀತಿ. ಆದರೆ ಪರಿಣಾಮ ಬಹುಮಟ್ಟಿಗೆ ಒಂದೇ.

ಏಕೆ? ಗೋಸುಂಬೆ ಸಾಮಾನ್ಯವಾಗಿ ಬಟ್ಟಲಿನಲ್ಲಿ ನಿಂತ ನೀರನ್ನು ನೀರೆಂದು ಗುರುತಿಸದು. ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳನ್ನು ನೆಕ್ಕಿ ಬದುಕುವುದು. ತುಂಬಿದ ಬಟ್ಟಲಿನ ಮುಂದೆಯೇ ಅದು ಬಾಯಾರಿ ಸಾಯಬಹುದು. ಮೈಯುದ್ದಕ್ಕೂ ಮೀರಿದ ನಾಲಿಗೆಯನ್ನು ಚಿಮ್ಮಿ ಜೀವಂತ ಕೀಟವನ್ನು ಹಿಡಿಯುವ ಪ್ರಾಣಿಗೆ ಅನ್ನ, ರೊಟ್ಟಿಗಳು ಆಹಾರವಲ್ಲ. ನೇರ ಬಿಸಿಲಿಲ್ಲದಿದ್ದರೆ ಎಲುಬು ಮೆತ್ತಗಾಗುವುದು. ಮರದ ಮೇಲೆ ಬಾಳುವ ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿದು ಮಣ್ಣು ತೋಡಬೇಕು. ಆ ಮಣ್ಣು ದೊರೆಯದಿದ್ದರೆ ಮೊಟ್ಟೆ ಒಡಲಲ್ಲೇ ಉಳಿದು ಪ್ರಾಣಕ್ಕೆ ಎರವಾಗುವುದು.

ಪ್ರಾಣಿಸಾಕಣೆಯಿಂದ ಮಕ್ಕಳಲ್ಲಿ ಭೂತದಯೆ ಬೆಳೆಯುವುದೆಂದು ವಾದಿಸುವವರುಂಟು. ಆಕಳು, ನಾಯಿಗಳ ವಿಷಯದಲ್ಲಿ ಈ ಮಾತು ನಿಜ. ಅವು ಸಾವಿರಾರು ವರ್ಷಗಳಿಂದ ಮನುಷ್ಯನ ಒಡನಾಡಿಗಳು. ಗೋಸುಂಬೆಯಾದರೋ ಏಕಾಂಗಿ. ಹಿಡಿದೆತ್ತುವ ಕೈ ಅದಕ್ಕೆ ಶತ್ರುವಿನ ಕೈ. ಆಗ ಕಪ್ಪಾಗುವ ಮೈಯನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರೆ ಅವರು ಕಲಿತದ್ದು ದಯೆಯಲ್ಲ. ಅಮೆರಿಕ, ಯುರೋಪುಗಳಲ್ಲಿ ಯೆಮನ್ ಮೂಲದ ಜಾತಿಯೊಂದನ್ನು ಪಂಜರದಲ್ಲೇ ಮರಿಮಾಡಿಸಿ ಸಾಕುವರು, ನಿಜ. ಅಲ್ಲಿಯೂ ನೇರಳಾತೀತ ಕಿರಣದ ದೀಪ, ತುಂತುರು ನೀರು, ಸುಣ್ಣದಂಶ ಲೇಪಿಸಿದ ಕೀಟ ಇಷ್ಟೆಲ್ಲ ಬೇಕು. ಇಲ್ಲಿಯ ಬೇಲಿ ಇವನ್ನೆಲ್ಲ ಬಿಟ್ಟಿಯಾಗಿ ಕೊಡುತ್ತದೆ.

ಕಾನೂನಿನ ಮಾತೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಪ್ರಾಣಿಗೆ ರಕ್ಷಣೆ ನೀಡಿದೆ. ಹಿಡಿಯುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸುವುದೇ ಮಾರ್ಗ.

ಆದಕಾರಣ, ವಿದ್ಯಾರ್ಥಿಯೊಬ್ಬನು ಡಬ್ಬಿಯಲ್ಲಿ ಗೋಸುಂಬೆಯನ್ನು ತಂದಾಗ ಗುರುವಾದವನು ಗದರಿಸಿ ಕಳಿಸುವುದು ತರವಲ್ಲ. ಎರಡು ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ಹೊರಳುವುದನ್ನೂ, ಬೆರಳುಗಳು ಇಕ್ಕಳದಂತೆ ಕೊಂಬೆಯನ್ನು ಹಿಡಿಯುವುದನ್ನೂ ದೂರದಿಂದ ತೋರಿಸಿ, ಅದು ಸಿಕ್ಕಿದ ಗಿಡಕ್ಕೇ ಬಾಲಕನ ಜೊತೆ ಹೋಗಿ ಬಿಡಿಸುವುದು ಉಚಿತ. ದಾನಿಗಳು ಶಾಲೆಯ ಆವರಣಕ್ಕೆ ಕಲ್ಲಿನ ಗೋಡೆಯೊಂದಿಗೆ ಹಸಿರು ಬೇಲಿಯನ್ನೂ ನೀಡಿದರೆ, ಅದು ಬೀಗವಿಲ್ಲದ ಪ್ರಯೋಗಶಾಲೆಯಾದೀತು. ಗೋಸುಂಬೆಯನ್ನು ಸಾಕುವ ಸರಿಯಾದ ರೀತಿ ಅದರ ಗಿಡವನ್ನು ಸಾಕುವುದೇ ಆಗಿದೆ.